ನವ್ರೂಜ್‌ಮೊ ಪಾಲಿನ ಕಥೆ

ವಿಶಾರ್ಗ್ ಊರಿನ ದನದ ಡಾಕ್ಟರ್ ಖುಶ್‌ನಜರ್ ಕಾದಂಬರಿ ಬರೆಯುತ್ತಿದ್ದಾನೆ ಅನ್ನುವುದು ಕಣಿವೆಯಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ. ಹೊಟ್ಟೆ ಉಬ್ಬರಿಸಿಕೊಂಡ ಹಸುವಿನ ಪಕ್ಕೆ ತಿಕ್ಕುತ್ತ ಕೂತವನು ನಡುವೆ ತಲೆಯೆತ್ತಿ ಮನೆಯ ಮುದುಕನನ್ನು ಕೇಳುತ್ತಿದ್ದ: "ಅಲ್ಲ ಅಜ್ಜಾ, ಮೊಹ್‌ಕಲಾ ಕೋಟೇನ ದೈತ್ಯರು ಒಂದೇ ರಾತ್ರೀಲಿ ಕಟ್ಟಿದ್ರು ಅಂತೀರಲ್ಲ, ಅವರಿಗೆ ಒಂಟಿ ಕಣ್ಣೋ, ಎರಡೋ?"

"ಮೊದ್ಲು ನನ್ನ ಹಸು ಉಳಿಸಪ್ಪ. ದೈತ್ಯರ ಕಣ್ಣು ಆಮೇಲೆ ಪರೀಕ್ಷೆ ಮಾಡೋವಂತೆ," ಅಂತ ಮುದುಕ ರೇಗುತ್ತಿದ್ದ.

ಹಸು ಎದ್ದು ನಿಂತು ಮೇವಿಗೆ ಬಾಯಿ ಹಾಕಿದ ಮೇಲೆ ಉಪ್ಪು ಹಾಕಿದ ಹಾಲುಚಹಾ ಬರುತ್ತಿತ್ತು, ಬೆಣ್ಣೆ ರೊಟ್ಟಿ ಬರುತ್ತಿತ್ತು, ಅದರ ಬೆನ್ನಿಗೇ ಕಥೆಯೂ ಬರುತ್ತಿತ್ತು. ಒಂದು ಮನೆಯಲ್ಲಿ ದೈತ್ಯರಿಗೆ ಗೊರಸು, ಇನ್ನೊಂದು ಮನೆಯಲ್ಲಿ ರೆಕ್ಕೆ. ಮೇಲಿನೂರಿನವರಿಗೆ ಕೋಟೆಯ ಒಡತಿ ಮೊಹ್‌ಪರಿ ಬೆಂಕಿಯನ್ನು ಪೂಜಿಸುವ ಮಾಟಗಾತಿ, ಕೆಳಗಿನೂರಿನವರಿಗೆ ಪುಣ್ಯವಂತೆ. ಖುಶ್‌ನಜರ್ ಎಲ್ಲವನ್ನೂ ಕೇಳಿಸಿಕೊಂಡು, ಹಳೇ ಜೀಪು ಹತ್ತಿ, ಹೊಳೆದಂಡೆಯ ದಾರಿಯಲ್ಲಿ ಮನೆಗೆ ಹೋಗುವಾಗ ಅಲ್ಲ ಅಲ್ಲ ಅಂತ ತಲೆಯಾಡಿಸುತ್ತಿದ್ದ. ಅವನಿಗೆ ಬೇಕಾದ ಕಥೆ ಇದ್ಯಾವುದೂ ಅಲ್ಲ. ಅವನಿಗೆ ಬೇಕಾದದ್ದು ಅವನ ಅಜ್ಜಿ ಹೇಳುತ್ತಿದ್ದ ಕಥೆ. ಅದರಲ್ಲಿ ಅರ್ಧ ಇರಲೇ ಇಲ್ಲ.

ಅಜ್ಜಿ ಓದಿನಮೊ ಆಚೆ ದಡದ ಹೆಣ್ಣು. ಪಂಜ್ ಹೊಳೆಯ ಆ ಕಡೆ, ಅಫ್ಘಾನರ ದಂಡೆಯಲ್ಲಿರುವ ಸರ್ಗೇಜ್ ಅವಳ ತವರು. ಅವಳು ಮದುವೆಯಾಗಿ ಬಂದ ಕಾಲಕ್ಕೆ ಹೊಳೆ ಅಂದರೆ ಬರೀ ಹೊಳೆ. ನೀರಿಳಿದಾಗ ಕತ್ತೆ ಏರಿ ದಾಟುವುದು, ತವರಲ್ಲಿ ಉಂಡು ಸಂಜೆಗೆ ವಾಪಸಾಗುವುದು ಹೆಂಗಸರಿಗೆಲ್ಲ ರೂಢಿ. ಮದುವೆಯಾದ ಸ್ವಲ್ಪ ದಿನಕ್ಕೆ ರಷ್ಯನ್ನರ ಸಿಪಾಯಿಗಳು ಬಂದು ದಂಡೆಯುದ್ದಕ್ಕೂ ಮುಳ್ಳುತಂತಿ ಬಿಗಿದರು. ಅಲ್ಲಿಂದಾಚೆಗೆ ಅದು ಗಡಿ. ತವರುಮನೆಯ ಹೊಗೆ ಕಾಣುತ್ತಿತ್ತು. ಅಂಗಳದಲ್ಲಿ ಬಟ್ಟೆ ಒಣಹಾಕಿದ್ದು ಕಾಣುತ್ತಿತ್ತು. ಒಣಹಾಕಿದವರ ಮುಖ ಮಾತ್ರ ಕಾಣುತ್ತಿರಲಿಲ್ಲ. ಕೂಗಿದರೆ ನೀರಿನ ಮೊರೆತ ನುಂಗಿಬಿಡುತ್ತಿತ್ತು, ಕೈಬೀಸಿದರೆ ಸಿಪಾಯಿ ಬಂದು ಯಾಕೆ ಏನು ಅಂತ ವಿಚಾರಿಸುತ್ತಿದ್ದ.

ಆ ಹೊಗೆಯ ಕೆಳಗೆ ಓದಿನಮೊಳ ತಂಗಿ ನವ್ರೂಜ್‌ಮೊ ಇದ್ದಳು. ಚಿಕ್ಕಂದಿನಲ್ಲಿ ಇಬ್ಬರೂ ಮಹಾ ಜಗಳಗಂಟಿಯರು. ರೊಟ್ಟಿಗೆ ಜಗಳ, ಕಂಬಳಿಗೆ ಜಗಳ, ಕಡೆಗೆ ಕಥೆಯನ್ನು ಯಾರು ಹೇಳಬೇಕು ಅನ್ನುವುದಕ್ಕೂ ಜಗಳ. ಅವರ ತಾಯಿಗೆ ಸಾಕುಸಾಕಾಗಿ, ರೊಟ್ಟಿ ಮುರಿದುಕೊಟ್ಟ ಹಾಗೆ ಮೊಹ್‌ಕಲಾದ ಕಥೆಯನ್ನೂ ಮುರಿದು ಹಂಚಿಬಿಟ್ಟಳಂತೆ. ಇಲ್ಲಿವರೆಗೆ ದೊಡ್ಡವಳು, ಅಲ್ಲಿಂದ ಮುಂದಕ್ಕೆ ಚಿಕ್ಕವಳು, ಮತ್ತೆ ದೊಡ್ಡವಳು. ಒಬ್ಬಳ ಪಾಲಿಗೆ ಇನ್ನೊಬ್ಬಳು ಬಾಯಿ ಹಾಕುವ ಹಾಗಿಲ್ಲ.

ಮೊಮ್ಮಗನಿಗೆ ಹೇಳುವಾಗಲೂ ಅಜ್ಜಿ ಆ ಕರಾರು ಮುರಿಯಲಿಲ್ಲ. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಕೂತು ಜರ್ದಾಳು ಹಣ್ಣು ಸೀಳಿ ಒಣಗಲು ಹರಡುತ್ತ, "ದೈತ್ಯರು ಕೊನೇ ಬುರುಜಿಗೆ ಕೈ ಹಾಕಿದ್ರು. ಅಷ್ಟರಲ್ಲಿ ಕೋಳಿ ಕೂಗ್ತು," ಅನ್ನುವಲ್ಲಿಗೆ ನಿಲ್ಲಿಸುತ್ತಿದ್ದಳು. ಕೈ ಹಣ್ಣು ಸೀಳುತ್ತಲೇ ಇರುತ್ತಿತ್ತು, ಕಣ್ಣು ಆಚೆ ದಡಕ್ಕೆ ಹೋಗುತ್ತಿತ್ತು.

"ಆಮೇಲೆ, ಬೀಬಿ?" ಅಜ್ಜಿಯನ್ನು ಅವನು ಕರೆಯುತ್ತಿದ್ದುದೇ ಹಾಗೆ.

"ಇದು ನವ್ರೂಜ್‌ಮೊ ಪಾಲು. ಅವಳು ಹೇಳ್ತಿದಾಳೆ. ಸುಮ್ನೆ ಕೂತ್ಕೋ."

"ನಂಗೇನೂ ಕೇಳಿಸ್ತಿಲ್ವಲ್ಲ!"

"ನಂಗೇನ್ ಕೇಳಿಸ್ತಿದ್ಯಾ, ಪೆದ್ದಪ್ಪ? ಆದ್ರೂ ಅವಳು ಹೇಳಿ ಮುಗಿಸೋವಷ್ಟು ಹೊತ್ತು ಬಿಟ್ಕೊಡಬೇಕು."

ಅಷ್ಟು ಹೊತ್ತು ಬಿಟ್ಟುಕೊಟ್ಟು ಅಜ್ಜಿ ಮುಂದುವರಿಸುತ್ತಿದ್ದಳು. ಶತ್ರುರಾಜ ಮುತ್ತಿಗೆ ಹಾಕಿ ಕಾಲುವೆ ಕಡಿದ. ಕೋಟೆಯೊಳಗೆ ಮಕ್ಕಳು ಬಾಯಾರಿ ಅತ್ತವು. ಮೊಹ್‌ಪರಿ ಬುರುಜಿನ ಮೇಲೆ ನಿಂತು ಜಡೆ ಬಿಚ್ಚಿ ಕೆಳಕ್ಕೆ ಬಿಟ್ಟಳು. ಜಡೆ ಬಂಡೆ ಇಳಿಯಿತು, ಮರಳು ದಾಟಿತು, ಹೊಳೆ ಮುಟ್ಟಿತು. ಮತ್ತೆ ಅಜ್ಜಿ ಮೌನ. ಮೌನ ಮುಗಿಯುವ ಹೊತ್ತಿಗೆ ಜಡೆ ಮೇಲೆ ಬಂದಾಗಿರುತ್ತಿತ್ತು, ಮಕ್ಕಳು ನೀರು ಕುಡಿಯುತ್ತಿರುತ್ತಿದ್ದವು. ಕೊನೆಗೊಂದು ಬೆಳಗ್ಗೆ ಶತ್ರು ಒಳಗೆ ನುಗ್ಗಿ ನೋಡಿದರೆ ಕೋಟೆ ಬಿಕೋ ಅನ್ನುತ್ತಿದೆ, ನರಪಿಳ್ಳೆಯಿಲ್ಲ. ಎಲ್ಲಿಗೆ ಹೋದರು? ಅದನ್ನು ಅಜ್ಜಿ ಹೇಳಲಿಲ್ಲ. ಖುಶ್‌ನಜರ್‌ಗೆ ಮೀಸೆ ಚಿಗುರುವ ವಯಸ್ಸಿನಲ್ಲಿ ಅವಳು ತೀರಿಕೊಂಡಳು. ತಂಗಿಯ ಮುಖವನ್ನು ಮತ್ತೆ ನೋಡಲಿಲ್ಲ.

ಅವನು ರಾಜಧಾನಿ ದುಶಂಬೆಗೆ ಹೋಗಿ ಓದಿದ, ಬಂದು ಮದುವೆಯಾದ, ಕಣಿವೆಯ ದನ, ಕುರಿ, ಯಾಕ್‌ಗಳಿಗೆಲ್ಲ ಡಾಕ್ಟರಾದ. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವ ಹಾಗೆ ಮನಸ್ಸು ಮಾತ್ರ ಅಜ್ಜಿ ಬಿಟ್ಟುಹೋದ ಆ ಖಾಲಿ ಜಾಗಗಳಿಗೇ ಹೋಗುತ್ತಿತ್ತು. ರಷ್ಯನ್ನರ ದೊಡ್ಡ ದೇಶ ಒಡೆದು, ಒಳಜಗಳ ಹತ್ತಿ, ಸಂಬಳವಿಲ್ಲದೆ ಒಲೆಯ ಮುಂದೆ ಕೂತ ಚಳಿಗಾಲದಲ್ಲಿ ಬರೆಯಲು ಶುರುಮಾಡಿದ. ತಾನೇ ಬರೆದರೆ ಆ ಜಾಗಗಳು ತುಂಬಿಯಾವು ಅನ್ನುವ ಆಸೆ.

ಅದೇ ಸುಮಾರಿಗೆ ಮೊಹ್‌ಕಲಾ ಅಗೆಯಲು ದುಶಂಬೆಯಿಂದ ಸನವ್‌ಬರ್ ಅನ್ನುವ ಇತಿಹಾಸದ ಮೇಷ್ಟ್ರಮ್ಮ ಬಂದಳು. ಅವಳ ಸಾಮಾನು ಹೊರುವ ಕತ್ತೆಗೆ ಕುಂಟು ಬಂದಾಗ ಖುಶ್‌ನಜರ್ ಹೋಗಿ ಗೊರಸು ಕೆತ್ತಿ ಕೊಟ್ಟ. ಅಲ್ಲಿಂದ ಇಬ್ಬರಿಗೂ ಮಾತು ಬೆಳೆಯಿತು. ತನ್ನ ಮೊಹ್‌ಪರಿಯ ವಿಷಯ ಅವನು ಸಂಕೋಚದಿಂದಲೇ ತೆಗೆದ.

"ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ," ಅಂದಳು ಸನವ್‌ಬರ್, ಮೊಣಕಾಲಿನ ಮಣ್ಣು ಕೊಡವುತ್ತ. "ಇದನ್ನ ಕಟ್ಟೋಕೆ ಮೂರು ತಲೆಮಾರು ಹಿಡಿದಿದೆ. ಮುತ್ತಿಗೆ ಆಗಿದ್ರೆ ಸುಟ್ಟ ಮಣ್ಣು ಸಿಗಬೇಕಿತ್ತು, ಬಾಣದ ಮೊನೆ ಸಿಗಬೇಕಿತ್ತು. ಒಂದೂ ಇಲ್ಲ. ಕಾಲುವೆ ಬತ್ತಿದೆ, ಜನ ಬಿಟ್ಟುಹೋಗಿದಾರೆ. ರಾಣಿ ಇದ್ಲು ಅನ್ನೋಕೆ ನನ್ನ ಹತ್ರ ಒಂದು ಮಣೀನೂ ಇಲ್ಲ."

"ಇರ್ಲಿಲ್ಲ ಅನ್ನೋಕೆ ಏನಾದ್ರೂ ಇದ್ಯಾ?"

ಅವಳು ನಕ್ಕಳು. "ನೀವು ದನದ ಡಾಕ್ಟ್ರೋ, ಲಾಯರೋ?" ಅನ್ನುತ್ತ ಸುಡದ ಒಂದು ಮಣ್ಣಿನ ಇಟ್ಟಿಗೆ ತೆಗೆದು ಅವನ ಕೈಗಿಟ್ಟಳು. ಒಣಗುವ ಮುಂಚೆ ಯಾವುದೋ ಮಗು ಅದನ್ನು ತುಳಿದು ಓಡಿತ್ತು. ಐದು ಬೆರಳೂ ಮೂಡಿದ್ದವು. ಖುಶ್‌ನಜರ್ ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತ. ಇಷ್ಟು ಪುಟ್ಟ ಪಾದದ ಎದುರಿಗೆ ದೈತ್ಯರನ್ನು ನಿಲ್ಲಿಸುವುದು ಹೇಗೆ ಅನ್ನಿಸಿತು.

ಮನೆಗೆ ಬಂದು, ಬರೆದಷ್ಟರಿಂದ ದೈತ್ಯರನ್ನು ಓಡಿಸಿದ. ಜಡೆ ಕತ್ತರಿಸಿದ. ಕಾಲುವೆ, ಇಟ್ಟಿಗೆ ಅಚ್ಚು, ಕಂದಾಯದವರು, ಸಾಲುಸಾಲು ಒಂಟೆಗಳು, ಎಲ್ಲ ತಂದು ತುಂಬಿದ. ಆ ಚಳಿಗಾಲ ನೆರೆಯವರನ್ನು ಕರೆದು ಒಲೆಯ ಸುತ್ತ ಕೂರಿಸಿ ಓದಿದ. ಸ್ವಲ್ಪ ಹೊತ್ತಿಗೆ ಹಿಟ್ಟಿನ ಗಿರಣಿಯ ಗರೀಬ್‌ಶೊ ಗೊರಕೆ ಹೊಡೆದ. ಹೆಂಡತಿ ತಿವಿದಾಗ ಎಚ್ಚೆತ್ತು, "ಚೆನ್ನಾಗಿದೆ ಡಾಕ್ಟ್ರೇ. ಇದು ಕಾಲುವೆ ಇಲಾಖೆಗೆ ಬರೆದ ಅರ್ಜಿ ತಾನೆ?" ಅಂದ. ಮನೆ ತುಂಬ ನಗು. ಖುಶ್‌ನಜರ್‌ನ ಹೆಂಡತಿ ಲಾಲ್‌ಬೇಗಿಮ್ ಒಬ್ಬಳು ನಗದೆ ಚಹಾ ಬಗ್ಗಿಸಿಕೊಟ್ಟಳು.

ಅವಮಾನವಾದವನಂತೆ ಎಲ್ಲ ಹರಿದುಹಾಕಿ ಮತ್ತೆ ಬರೆದ. ಈ ಸಲ ದೈತ್ಯರು ಬಂದರು, ಹಾರುವ ಕುದುರೆ ಬಂತು, ಮೊಹ್‌ಪರಿಗೊಬ್ಬ ಪ್ರಿಯಕರ ಬಂದ, ಬೆಂಕಿಯುಗುಳುವ ಹಾವೂ ಬಂತು. ಗರೀಬ್‌ಶೊ ಎಚ್ಚರವಾಗಿಯೇ ಕೂತು ಚಪ್ಪಾಳೆ ತಟ್ಟಿದ. ಬೇಸಗೆಯಲ್ಲಿ ಬಂದ ಸನವ್‌ಬರ್ ಅದನ್ನು ಓದಿ, ಕನ್ನಡಕ ತೆಗೆದು ಕೇಳಿದಳು: "ಡಾಕ್ಟ್ರೇ, ಇವಳು ಏನು ತಿಂತಾಳೆ?"

"ಯಾರು?"

"ನಿಮ್ಮ ಮೊಹ್‌ಪರಿ. ಇಷ್ಟುದ್ದ ಕಥೇಲಿ ಒಂದು ತುಂಡು ರೊಟ್ಟಿ ಮುರಿದಿಲ್ಲ. ಚಳೀಲಿ ನಡುಗಿಲ್ಲ. ಇವಳು ನಮ್ಮ ಕಣಿವೆಯವಳು ಅಂತ ನಾನು ಹೇಗೆ ನಂಬ್ಲಿ?"

ಅವಳು ಹೋದ ಮೇಲೆ ಅವನು ಅಂಗಳದಲ್ಲಿ ಮುಖ ಸಣ್ಣ ಮಾಡಿಕೊಂಡು ಕೂತ. ಲಾಲ್‌ಬೇಗಿಮ್ ಬಂದು ಪಕ್ಕದಲ್ಲಿ ಕೂತಳು. "ನಾನೊಂದು ಮಾತು ಹೇಳ್ಲಾ? ಮೊದಲನೇದ್ರಲ್ಲೂ ನಿಮ್ಮ ಬೀಬಿ ಇರ್ಲಿಲ್ಲ, ಎರಡನೇದ್ರಲ್ಲೂ ಇಲ್ಲ. ಬೀಬಿ ದೈತ್ಯರ ಕಥೆ ಹೇಳ್ತಿದ್ರು ಅಂತೀರಿ, ಆದ್ರೆ ಅವರು ಹಣ್ಣು ಸೀಳ್ತಾ ಹೇಳ್ತಿದ್ರು ಅಂತಾನೂ ಹೇಳಿದೀರಿ."

ಅವನು ಆ ವರ್ಷ ಮತ್ತೇನೂ ಬರೆಯಲಿಲ್ಲ.

ಹೀಗಿರುವಾಗ ಹೊಳೆಗೆ ಸೇತುವೆ ಬಂತು. ಶನಿವಾರ ಶನಿವಾರ ಹೊಳೆಯ ನಡುವಿನ ಕುದುರಿನಲ್ಲಿ ಸಂತೆ ಸೇರಬಹುದು, ಎರಡೂ ದಡದವರು ಬರಬಹುದು ಅಂತ ಸರ್ಕಾರಗಳು ಒಪ್ಪಿದವು. ಖುಶ್‌ನಜರ್ ಮೊದಲ ಸಂತೆಗೇ ಹೋದ. ಸಾಬೂನು, ಅಕ್ಕಿ, ಕಂಬಳಿ ಮಾರುವ ಆಚೆ ದಡದವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತ ಹೋದ. ಒಬ್ಬ ಸಾಬೂನಿನವನು ಸರ್ಗೇಜ್‌ನವನೇ ಆಗಿದ್ದ.

"ನವ್ರೂಜ್‌ಮೊ ಅಜ್ಜಿ ಹೋಗಿ ಎಷ್ಟೋ ಕಾಲ ಆಯ್ತಲ್ಲ. ಮಗಳು ಸಬ್ಜ್‌ಪರಿ ಇದಾಳೆ. ಮಹಾ ಬಾಯಿ ಮುದುಕಿ. ಹೇಳ್ತೀನಿ, ಬಂದ್ರೂ ಬಂದಾಳು."

ಮುಂದಿನ ಶನಿವಾರ ಸೇತುವೆಯ ಆ ತುದಿಯಲ್ಲಿ ಒಬ್ಬ ಮುದುಕಿ ಕತ್ತೆಯಿಂದಿಳಿದು, ಪೊಲೀಸಿನವನನ್ನು ಗದರಿಸಿಕೊಂಡೇ ಒಳಗೆ ಬಂದಳು. ಖುಶ್‌ನಜರ್ ಗುರುತು ಕೇಳಬೇಕಾಗಲಿಲ್ಲ. ಅಜ್ಜಿಯದೇ ಗದ್ದ, ಅಜ್ಜಿಯದೇ ನಡಿಗೆ. ಅವನು ಅಲ್ಲಿನ ರೂಢಿಯಂತೆ ಬಾಗಿ ಅವಳ ಕೈಗೆ ಮುತ್ತಿಟ್ಟ, ಅವಳು ಅವನ ಕೈಗೆ ಮುತ್ತಿಟ್ಟಳು. ಆಮೇಲೆ ಅವನ ಕೆನ್ನೆ ಹಿಂಡಿದಳು.

"ಓದಿನಮೊ ದೊಡ್ಡಮ್ಮನ ಮೊಮ್ಮಗನಾ ನೀನು? ಇಷ್ಟು ಬಡಕಲು! ಆಚೆ ದಡದಲ್ಲಿ ಊಟ ಹಾಕಲ್ವಾ ನಿಂಗೆ?"

ಮಾತು ಒಂದೇ, ಆದರೂ ನಡುನಡುವೆ ಎಡವುತ್ತಿತ್ತು. ಅವನ ಬಾಯಲ್ಲಿ ಬರುವ ರಷ್ಯನ್ ಪದಗಳಿಗೆ ಅವಳು ಹುಬ್ಬೇರಿಸುತ್ತಿದ್ದಳು, ಅವಳ ಕೆಲವು ಪದ ಅವನಿಗೆ ಹೊಸದು. ಅವಳು ಒಣ ಹಿಪ್ಪುನೇರಳೆ ಹಣ್ಣು ತಂದಿದ್ದಳು, ಅವನು ಜರ್ದಾಳು. ಯೋಗಕ್ಷೇಮದ ಮಾತೆಲ್ಲ ಮುಗಿದ ಮೇಲೆ ಅವನು ಕಥೆಯ ವಿಷಯ ಎತ್ತಿದ. ಸಬ್ಜ್‌ಪರಿ ಹಣ್ಣು ಜಗಿಯುವುದನ್ನು ನಿಲ್ಲಿಸಿದಳು.

"ನಿಮ್ಮಜ್ಜಿ ಹೇಳ್ತಿದ್ದಿದ್ದು ಹೇಳು, ನೋಡೋಣ."

ಅವನು ಶುರುಮಾಡಿದ. ದೈತ್ಯರು ಕಲ್ಲು ಹೊತ್ತರು, ಕೊನೆಯ ಬುರುಜಿಗೆ ಕೈ ಹಾಕಿದರು, ಕೋಳಿ ಕೂಗಿತು. ಅಲ್ಲಿಗೆ ನಿಂತ. ಅವನು ನಿಂತದ್ದೇ ತಡ, ಮುದುಕಿ ಉಸಿರೆಳೆದುಕೊಂಡು ಕಥೆಯ ಎಳೆ ಹಿಡಿದಳು.

"ಕೂಗಿದ್ದು ನಮ್ಮೂರ ಕೋಳಿ. ಬೆಳಕು ಹರಿಯೋಕೆ ಇನ್ನೂ ಹೊತ್ತಿತ್ತು. ನಮ್ಮೂರ ಒಬ್ಳು ಮುದುಕಿ ಹುಂಜದ ರೆಕ್ಕೆ ಹಿಂಡಿ ಕೂಗಿಸಿದ್ಲು. ದೈತ್ಯರು ಬೆಳಗಾಯ್ತು ಅಂತ ಎದ್ದುಬಿದ್ದು ಓಡಿದ್ರು. ಅದಕ್ಕೇ ಆ ಬುರುಜು ಅರ್ಧಕ್ಕೇ ನಿಂತಿರೋದು. ಇಲ್ದಿದ್ರೆ ಆ ಕೋಟೆ ದೈತ್ಯರದ್ದೇ ಆಗೋಗ್ತಿತ್ತು, ಮನುಷ್ಯರಿಗೆ ಸಿಗ್ತಿರ್ಲಿಲ್ಲ. ಹೂಂ, ಈಗ ನೀನು."

ಹೊಳೆಯ ಕಡೆಯ ಬುರುಜನ್ನು ಯಾರೋ ಕಟ್ಟುತ್ತ ಕಟ್ಟುತ್ತ ಅರ್ಧಕ್ಕೇ ಬಿಟ್ಟಿದ್ದಾರೆ, ಕಾರಣ ಗೊತ್ತಾಗುತ್ತಿಲ್ಲ ಅಂತ ಸನವ್‌ಬರ್ ಗೊಣಗಿದ್ದು ಖುಶ್‌ನಜರ್‌ಗೆ ನೆನಪಾಯಿತು. ಆಮೇಲೆ ಮುತ್ತಿಗೆಯ ಭಾಗ ಹೇಳಿದ. ಸಾಬೂನಿನವನು ವ್ಯಾಪಾರ ಬಿಟ್ಟು ಬಂದು ಕೂತ. ಅವನ ಹಿಂದೆ ಇನ್ನಷ್ಟು ಜನ ಬಂದರು. ಜಡೆ ಬಂಡೆ ಇಳಿಯಿತು, ಮರಳು ದಾಟಿತು, ಹೊಳೆ ಮುಟ್ಟಿತು.

"ಮುಟ್ತು, ಸರಿ," ಅಂದಳು ಸಬ್ಜ್‌ಪರಿ. "ನೀರು ತಾನಾಗೇ ಜಡೆ ಹತ್ತುತ್ತಾ? ಕೆಳಗಡೆ ತುಂಬಿಸೋರು ಬೇಡ್ವಾ? ಆಚೆ ದಡದಿಂದ ಹೆಂಗಸರು ಬಂದ್ರು, ಸರ್ಗೇಜ್‌ನೋರು. ಆಡಿನ ಚರ್ಮ ಊದಿ ಎದೆಗೆ ಕಟ್ಕೊಂಡು ಕತ್ತಲೇಲಿ ಈಜಿದ್ರು. ಒಬ್ಬೊಬ್ರ ಬೆನ್ನ ಮೇಲೂ ಖಾಲಿ ನೀರಿನ ಚೀಲ. ಹೊಳೇಲಿ ತುಂಬಿಸಿ ಜಡೆಗೆ ಕಟ್ಟಿ ಮೂರು ಸಲ ಎಳೆದ್ರೆ ಅವಳು ಮೇಲಕ್ಕೆ ಎಳ್ಕೋಬೇಕು. ತಣ್ಣೀರಲ್ಲಿ ಕೈ ಮರಗಟ್ಟಿ ಒಬ್ಬಿಬ್ಬರು ಹೊಳೆ ಪಾಲಾದ್ರು. ಅವಳಿಗೆ ಇವರ ಮುಖ ಕಾಣ್ಲಿಲ್ಲ, ಇವರಿಗೆ ಅವಳ ಮುಖ ಕಾಣ್ಲಿಲ್ಲ."

ಖುಶ್‌ನಜರ್ ಕಣ್ಣೊರೆಸಿಕೊಂಡ. ಇಷ್ಟು ವರ್ಷ ಅವನು ಜಡೆಯ ಮಾಯೆಯನ್ನೇ ನೆಚ್ಚಿಕೊಂಡಿದ್ದ. ಕೆಳಗೆ ನಿಂತ ಕೈಗಳನ್ನು ನೆನೆದಿರಲಿಲ್ಲ. ತಡೆತಡೆದು ತನ್ನ ಕೊನೆಯ ಪಾಲು ಹೇಳಿದ: ಶತ್ರು ಒಳಗೆ ಬಂದ, ಕೋಟೆ ಬಿಕೋ ಅನ್ನುತ್ತಿತ್ತು. ಹೇಳಿ ಮುದುಕಿಯ ಮುಖ ನೋಡಿದ. ಕೂತವರೆಲ್ಲ ನೋಡಿದರು.

ಸಬ್ಜ್‌ಪರಿ ತಲೆಯಾಡಿಸಿದಳು. "ನಂಗೂ ಅಲ್ಲಿವರೆಗೇ ಗೊತ್ತು, ಮಗಾ."

"ಅದು ನಿಮ್ಮಮ್ಮನ ಪಾಲಲ್ವಾ?"

"ಅಲ್ಲ. ಕೊನೇದನ್ನ ನಮ್ಮಜ್ಜಿ ಮುರಿದು ಕೊಟ್ಟಿರ್ಲಿಲ್ಲ. ಇಬ್ರೂ ಜೊತೇಲಿ ಕೂತು ಒಟ್ಟಿಗೆ ಹೇಳ್ಬೇಕು ಅಂತ ಇಟ್ಟಿದ್ರಂತೆ. ಒಬ್ಳೇ ಹೇಳಲ್ಲ ಅಂತ ಅಮ್ಮಂದು ಒಂದೇ ಹಟ. ಸಾಯೋ ಮುಂಚೆ ಕೂಡ ಕೇಳ್ದೆ. 'ಅಕ್ಕ ಬರ್ಲಿ' ಅಂದ್ಲು."

ಸಂತೆ ಮುಗಿಯಿತೆಂದು ಪೊಲೀಸರು ಸೀಟಿ ಊದಿದರು. "ಮುಂದಿನ ಶನಿವಾರ ಬಾ. ಇಬ್ರೂ ಕೂತು ಏನಾದ್ರೂ ಮಾಡೋಣ," ಅಂತ ಮುದುಕಿ ಕತ್ತೆ ಏರಿದಳು. ಆದರೆ ಆ ವಾರ ಆಚೆ ದಡದ ಮೇಲಿನ ಊರುಗಳಲ್ಲಿ ಗುಂಡಿನ ಗಲಾಟೆಯಾಯಿತು. ಸಂತೆ ನಿಂತುಹೋಯಿತು. ಶನಿವಾರ ಬಂದಾಗಲೆಲ್ಲ ಖುಶ್‌ನಜರ್ ಜೀಪು ತೆಗೆದುಕೊಂಡು ಸೇತುವೆಯವರೆಗೆ ಹೋಗಿ, ಬೀಗ ಹಾಕಿದ ಗೇಟು ನೋಡಿ ಬರುತ್ತಿದ್ದ. "ಯಾರ ದನಕ್ಕೆ ಹುಷಾರಿಲ್ಲ ಡಾಕ್ಟ್ರೇ?" ಅಂತ ಕಾವಲಿನ ಸಿಪಾಯಿ ತಮಾಷೆ ಮಾಡುತ್ತಿದ್ದ. ಕ್ರಮೇಣ ಅವನೂ ತಮಾಷೆ ಬಿಟ್ಟು, ಚಹಾ ಕೊಡತೊಡಗಿದ.

ಬೇಸಗೆಗೆ ಸನವ್‌ಬರ್ ಬಂದಾಗ ಅವನು ನಡೆದದ್ದನ್ನೆಲ್ಲ ಹೇಳಿ, "ಕೊನೆ ಏನ್ ಮಾಡ್ಲಿ ಮೇಷ್ಟ್ರಮ್ಮ?" ಅಂದ.

ಅವಳು ಅವನನ್ನು ಕೋಟೆಯ ಒಳಮನೆಗಳ ಹತ್ತಿರ ಕರೆದುಕೊಂಡು ಹೋದಳು. "ಈ ಬಾಗಿಲು ಇರೋ ಜಾಗ ನೋಡಿ. ಬಾಗಿಲು ತಿರುಗೋ ಕಲ್ಲಿನ ಗುಳಿ ಇದೆ, ಮರ ಇಲ್ಲ. ಯಾವ ಮನೇಲೂ ಇಲ್ಲ. ಇಲ್ಲಿ ಮರ ಅಪರೂಪ, ಹೋಗೋವಾಗ ಬಾಗಿಲು ಕಿತ್ಕೊಂಡು ಹೊತ್ಕೊಂಡು ಹೋಗಿದಾರೆ. ಒಂದೇ ದಿನ ಅಲ್ಲ, ಇವತ್ತು ಈ ಮನೆಯವರು, ಇನ್ಯಾವತ್ತೋ ಆ ಮನೆಯವರು. ಇಷ್ಟಕ್ಕೆ ನಾನು ಸಾಕ್ಷಿ. ಎಲ್ಲಿಗೆ ಹೋದ್ರು, ಹೋಗೋವಾಗ ಏನಂದ್ರು, ಅದಕ್ಕೆ ನಾನು ಸಾಕ್ಷಿ ಅಲ್ಲ. ಅಲ್ಲಿ ನಿಮ್ಮನ್ನ ತಡೆಯೋರು ಯಾರೂ ಇಲ್ಲ. ಇಟ್ಟಿಗೆ ಇರೋ ಕಡೆ ಮಾತ್ರ ಸುಳ್ಳು ಬರೀಬೇಡಿ."

ಆ ಚಳಿಗಾಲ ಮೂರನೇ ಸಲ ಬರೆದ. ಈ ಸಲ ಯಾವುದನ್ನೂ ಓಡಿಸಲಿಲ್ಲ. ದೈತ್ಯರು ರಾತ್ರಿಯಿಡೀ ಗೋಡೆ ಎತ್ತಿದರು, ಆದರೆ ಇಟ್ಟಿಗೆ ತಟ್ಟಿದವರು ಊರ ಹೆಂಗಸರು. ಹಸಿ ಇಟ್ಟಿಗೆ ತುಳಿದದ್ದಕ್ಕೆ ಒಂದು ಮಗು ಪೆಟ್ಟು ತಿಂದಿತು. ಮೊಹ್‌ಪರಿ ಬಾರ್ಲಿ ರೊಟ್ಟಿ ಮುರಿದಳು, ಚಳಿಗೆ ಕೈ ಬಾಯಿಗಿಟ್ಟು ಊದಿಕೊಂಡಳು, ಜಡೆ ಎಳೆದೆಳೆದು ಕತ್ತು ನೋವು ಬಂದು ಮಲಗಿದಳು. ಶತ್ರುರಾಜನನ್ನು ಬಿಡಲೋ ಇಡಲೋ ಅಂತ ಬಹಳ ದಿನ ಒದ್ದಾಡಿದ. ಸುಟ್ಟ ಮಣ್ಣು ಇಲ್ಲವಲ್ಲ! ಕಡೆಗೆ ರಾಜ ಯುದ್ಧವನ್ನೇ ಮಾಡಲಿಲ್ಲ, ಕಾಲುವೆ ಕಡಿದು ದೂರದಲ್ಲಿ ಡೇರೆ ಹಾಕಿ ಕಾದ ಅಂತ ಬರೆದ. ಕೊನೆಯಲ್ಲಿ ಒಂದೊಂದೇ ಮನೆಯವರು ಬಾಗಿಲು ಹೊತ್ತುಕೊಂಡು ರಾತ್ರಿ ಬಂಡೆ ಇಳಿದರು. ಆ ಬಾಗಿಲುಗಳನ್ನೇ ತೆಪ್ಪ ಮಾಡಿಕೊಂಡು, ತಮಗೆ ನೀರು ಕೊಟ್ಟವರ ಮುಖ ನೋಡಲು ಹೊಳೆ ದಾಟಿದರು. ಅದನ್ನು ಬರೆದ ದಿನ ಲಾಲ್‌ಬೇಗಿಮ್‌ಗೆ ಓದಿ ತೋರಿಸಿದ. ಅವಳು ಎದ್ದು ಹೋಗಿ, ಹಬ್ಬದ ದಿನದ ಹಾಗೆ ಬೆಣ್ಣೆ ಹಾಕಿದ ರೊಟ್ಟಿ ತಟ್ಟಿದಳು.

ಪುಸ್ತಕವನ್ನು ಖೊರೋಗ್ ಪಟ್ಟಣದಲ್ಲಿ ಅಚ್ಚು ಹಾಕಿಸಿದರು. ತೆಳುವಾದ ರಟ್ಟು, ಅಲ್ಲಲ್ಲಿ ಮಸಿ ಹರಡಿದ ಅಕ್ಷರ. ಗರೀಬ್‌ಶೊ ಪೂರ್ತಿ ಕೇಳಿಸಿಕೊಂಡು, "ಹಾರೋ ಕುದುರೆ ತೆಗೆದಿದ್ದು ತಪ್ಪು," ಅಂದ. ಅಷ್ಟು ಬಿಟ್ಟರೆ ಅವನಿಗೂ ಒಪ್ಪಿಗೆ.

ಎರಡು ಚಳಿಗಾಲ ಕಳೆದು ಸಂತೆ ಮತ್ತೆ ತೆರೆಯಿತು. ಸಬ್ಜ್‌ಪರಿ ಬಂದಳು, ಈ ಸಲ ಮಗನ ಭುಜ ಹಿಡಿದುಕೊಂಡು. ಕಣ್ಣು ಮಂಜಾಗಿತ್ತು. ಕಣ್ಣು ನೆಟ್ಟಗಿದ್ದರೂ ಈ ದಡದ ರಷ್ಯನ್ ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ಖುಶ್‌ನಜರ್ ಸಾಬೂನಿನವನ ಚಾಪೆಯ ಮೇಲೆ ಕೂತು ಕೊನೆಯ ಅಧ್ಯಾಯ ಓದಿದ. ಅವಳು ಪುಸ್ತಕದ ರಟ್ಟನ್ನು ಮಗುವಿನ ಬೆನ್ನು ಸವರಿದ ಹಾಗೆ ಸವರುತ್ತ ಕೇಳಿದಳು. ಮುಗಿದ ಮೇಲೆ ಆಚೆ ದಡದ ಕಡೆ ಮುಖ ತಿರುಗಿಸಿದಳು.

"ನಮ್ಮ ಕಡೆಗೇ ಬಂದ್ರಾ?"

"ನಿಮ್ಮ ಕಡೆಗೇ ಬಂದ್ರು."

"ಒಳ್ಳೇದಾಯ್ತು." ಸ್ವಲ್ಪ ಬಿಟ್ಟು, ಅವಳ ಹಳೇ ಗದರಿಕೆ ವಾಪಸ್ ಬಂತು. "ಅಲ್ವೋ, ಜನ ದಾಟಿದ್ರು, ಬಾಗಿಲು ದಾಟ್ತು. ಹಸುಗಳು? ಕುರಿಗಳು? ಅವುಗಳನ್ನ ಅಲ್ಲೇ ಸಾಯೋಕೆ ಬಿಟ್ಟುಬಂದ್ರಾ? ದನದ ಡಾಕ್ಟ್ರಂತೆ! ನಾಚ್ಕೆ ಆಗ್ಬೇಕು ನಿಂಗೆ."

ಸುತ್ತ ಕೂತವರೆಲ್ಲ ಹೋ ಅಂತ ನಕ್ಕರು. ಖುಶ್‌ನಜರ್ ಕಿವಿ ಕೆಂಪಾಗಿ, "ಅಚ್ಚಾಗಿಹೋಯ್ತಲ್ಲ ಅಮ್ಮಾ," ಅಂದ.

"ಹಾಗಾದ್ರೆ ಇನ್ನೊಂದು ಬರಿ."

ಸೀಟಿ ಕೇಳಿಸಿತು. ಅವಳನ್ನು ಕತ್ತೆಯ ಮೇಲೆ ಕೂರಿಸುವಾಗ ಮೈ ಹುಲ್ಲಿನ ಹೊರೆಯಷ್ಟು ಹಗುರವಾಗಿತ್ತು. ಸೇತುವೆಯ ಕಂಬಿ ಹಿಡಿದು ನಿಂತು, ಆಚೆ ದಂಡೆಯ ದಾರಿಯಲ್ಲಿ ಅವಳ ಬಿಳಿ ತಲೆವಸ್ತ್ರ ಬಂಡೆಗಳ ಬಣ್ಣದಲ್ಲಿ ಕರಗುವವರೆಗೆ ನೋಡಿದ. ಆ ಬೇಸಗೆ ಮುಗಿಯುವ ಮುಂಚೆಯೇ ಆಚೆ ದಡದ ಸರ್ಕಾರ ಬಿತ್ತು, ಗೇಟಿಗೆ ಮತ್ತೆ ಬೀಗ ಬಿತ್ತು. ಇವತ್ತಿಗೂ ತೆಗೆದಿಲ್ಲ. ಮುದುಕಿ ಇದ್ದಾಳೋ ಹೋದಳೋ ಸುದ್ದಿ ಇಲ್ಲ. ಸರ್ಗೇಜ್‌ನ ಆ ಅಂಗಳದಲ್ಲಿ ಯಾರೋ ಬಟ್ಟೆ ಒಣಹಾಕುತ್ತಾರೆ, ಅಷ್ಟು ಕಾಣುತ್ತದೆ.

ಖುಶ್‌ನಜರ್ ಎರಡನೇ ಪುಸ್ತಕ ಬರೆಯುತ್ತಿದ್ದಾನೆ. ದನಗಳೆಲ್ಲ ಇವೆ, ಒಂದೊಂದಕ್ಕೂ ಹೆಸರಿದೆ. ಜನ ಹೊಳೆಗಿಳಿದು ಎಷ್ಟೋ ಹಾಳೆಯಾದರೂ ಇನ್ನೂ ಆಚೆ ದಡ ಮುಟ್ಟಿಲ್ಲ, ಈ ಅಧ್ಯಾಯ ಸ್ವಲ್ಪ ಕಡಿಮೆ ಮಾಡಿ ಅಂತ ಸನವ್‌ಬರ್ ಹೇಳಿಕಳಿಸುತ್ತಲೇ ಇದ್ದಾಳೆ.

"ನೀರು ಜಾಸ್ತಿ ಇದೆ ಮೇಷ್ಟ್ರಮ್ಮ," ಅನ್ನುತ್ತಾನೆ ಅವನು. "ದನ ಹೊಡ್ಕೊಂಡು ದಾಟೋಕೆ ಹೊತ್ತು ಹಿಡಿಯುತ್ತೆ."